ಚೊಚ್ಚಲ ಹೆರಿಗೆ, ಮೊದಲ ಕೂಸು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಮೊದಲ ಮಗು ಹುಟ್ಟಿದ ಮನೆಯಲ್ಲಿ ಭಯಕ್ಕೆ ಕೊರತೆ ಇಲ್ಲ. ಆದರೆ ಆ ಭಯ ಎಷ್ಟೋ ಸಲ ತಪ್ಪು ಕಡೆ ಇರುತ್ತದೆ. ಕೂಸು ನಾಲ್ಕು ಸಲ ಸೀನಿದರೆ ಮನೆಯವರೆಲ್ಲ ತೊಟ್ಟಿಲ ಸುತ್ತ ಸೇರುತ್ತಾರೆ. ಬಾಣಂತಿ ಎರಡು ದಿನದಿಂದ ತಲೆ ಸಿಡಿಯುತ್ತಿದೆ ಅಂದರೆ, "ನಿದ್ದೆಗೆಟ್ಟಿದ್ದೀಯ, ಸ್ವಲ್ಪ ಮಲಗು" ಅನ್ನುತ್ತಾರೆ. ಆ ಸೀನು ಏನೇನೂ ಅಲ್ಲ. ಆದರೆ ಆ ತಲೆನೋವು ಬಿ.ಪಿ. ಏರಿದ್ದರ ಗುರುತಾಗಿದ್ದರೆ ತಾಯಿಯ ಜೀವಕ್ಕೇ ಕುತ್ತು.

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಇದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಸಣ್ಣ ಗೆಲುವಲ್ಲ ಅದು. ಆದರೆ ನಾರ್ಮಲ್ ಆದರೆ ಎರಡು ಮೂರು ದಿನ, ಸಿಸೇರಿಯನ್ ಆದರೆ ನಾಲ್ಕೈದು ದಿನ, ಅಷ್ಟರಲ್ಲಿ ಮನೆಗೆ ಕಳಿಸುತ್ತಾರೆ. ಹಾಲು ಚೆನ್ನಾಗಿ ಇಳಿಯುವುದು, ಕಾಮಾಲೆ ಏರುವುದು, ಸೋಂಕು ಕಾಣಿಸಿಕೊಳ್ಳುವುದು, ಮನಸ್ಸು ಕುಗ್ಗುವುದು, ಇವೆಲ್ಲ ಹೆಚ್ಚಾಗಿ ಮನೆಗೆ ಬಂದ ಮೇಲೆಯೇ. ಅಲ್ಲಿ ನರ್ಸ್ ಇರುವುದಿಲ್ಲ. ಅಮ್ಮ, ಅತ್ತೆ, ಗಂಡ ಇರುತ್ತಾರೆ. ಯಾವುದು ಸಹಜ, ಯಾವುದು ಅಲ್ಲ ಎಂದು ಗೊತ್ತಿರಬೇಕಾದ್ದು ಅವರಿಗೇ.

ನೋವು ಬಂದಾಗ

ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ ಎಣಿಸಿ ಡಾಕ್ಟರು ಒಂದು ತಾರೀಕು ಬರೆದುಕೊಡುತ್ತಾರೆ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ಕಡಿಮೆ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ನೋವು ಬರಬಹುದು. ಅದಕ್ಕೂ ಮುಂಚೆ, ಕೊನೆಯ ವಾರಗಳಲ್ಲಿ, ಹೊಟ್ಟೆ ಆಗಾಗ ಗಟ್ಟಿಯಾಗಿ ಮತ್ತೆ ಸಡಿಲವಾಗುತ್ತದೆ. ಅದು ಸುಳ್ಳು ನೋವು. ಸ್ವಲ್ಪ ಮಲಗಿದರೆ, ಓಡಾಡಿದರೆ, ನೀರು ಕುಡಿದರೆ ಇಳಿದುಹೋಗುತ್ತದೆ. ನಿಜವಾದ ನೋವು ಏನು ಮಾಡಿದರೂ ಇಳಿಯುವುದಿಲ್ಲ. ಬರಬರುತ್ತ ಹತ್ತಿರ ಹತ್ತಿರ ಬರುತ್ತದೆ, ಜೋರಾಗುತ್ತದೆ. ಎಷ್ಟೋ ಜನರಿಗೆ ಸೊಂಟದಿಂದ ಶುರುವಾಗಿ ಮುಂದಕ್ಕೆ ಹಬ್ಬುತ್ತದೆ.

ಐದು ನಿಮಿಷಕ್ಕೊಮ್ಮೆ ನೋವು ಬಂದು, ಒಂದೊಂದೂ ಸುಮಾರು ಒಂದು ನಿಮಿಷ ಇದ್ದು, ಹೀಗೇ ಒಂದು ಗಂಟೆ ನಡೆದರೆ ಹೊರಡಿ. ಇದು ಆಸ್ಪತ್ರೆ ಹತ್ತಿರ ಇರುವವರಿಗೆ ಹೇಳುವ ಮಾತು. ಘಟ್ಟದ ಕೆಳಗಿನ ಹಳ್ಳಿಯಲ್ಲಿದ್ದು ಎರಡು ಗಂಟೆ ಪ್ರಯಾಣ ಮಾಡಬೇಕಾದವರು ಇಷ್ಟು ಕಾಯಬಾರದು. ಕೆಲವಕ್ಕಂತೂ ನೋವಿಗೆ ಕಾಯುವಂತೆಯೇ ಇಲ್ಲ. ನೀರು ಹೋದರೆ, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆ ಆದಂತೆ ಅನ್ನಿಸಿದರೆ ತಕ್ಷಣ ಹೊರಡಬೇಕು. ನೀರು ಹೋದ ಹೊತ್ತನ್ನು ಗುರುತಿಟ್ಟುಕೊಳ್ಳಿ. ಆ ನೀರು ಹಸಿರಾಗಿಯೋ ಕಂದಾಗಿಯೋ ಇದ್ದರೆ ಮಗು ಒಳಗೇ ಮಲ ಬಿಟ್ಟಿದೆ ಎಂದರ್ಥ. ಅದನ್ನು ಆಸ್ಪತ್ರೆಗೆ ಹೋದ ಕೂಡಲೇ ಡಾಕ್ಟರಿಗೆ ಹೇಳಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಚೊಚ್ಚಲ ಹೆರಿಗೆಗೆ ಯಾಕೆ ಅಷ್ಟು ಹೊತ್ತು ಹಿಡಿಯುತ್ತದೆ? ಗರ್ಭಕೋಶದ ಬಾಯಿ ಮೊದಲು ಉದ್ದವಾಗಿ, ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ಅದು ಮೆತ್ತಗಾಗಬೇಕು, ತೆಳ್ಳಗಾಗಬೇಕು, ಆಮೇಲೆ 10 ಸೆಂಟಿಮೀಟರ್ ತೆರೆಯಬೇಕು. ಮೊದಲ ಸಲ ಈ ಮೊದಲಿನ ಕೆಲಸಕ್ಕೇ ಗಂಟೆಗಟ್ಟಲೆ ಬೇಕು, ಒಂದಿಡೀ ದಿನವೂ ಹಿಡಿಯಬಹುದು. ಲೇಬರ್ ವಾರ್ಡಿನಲ್ಲಿ ಪರೀಕ್ಷೆ ಮಾಡಿ "ಇನ್ನೂ ಎರಡೇ ಸೆಂಟಿಮೀಟರ್" ಅಂದಾಗ ಎಷ್ಟೋ ಹೆಣ್ಣುಮಕ್ಕಳು ಕುಸಿದುಹೋಗುತ್ತಾರೆ. ಅಷ್ಟು ನೋವು ತಿಂದಿದ್ದು ದಂಡ ಅನ್ನಿಸುತ್ತದೆ. ದಂಡ ಅಲ್ಲ. ಬಾಯಿ ಮೆತ್ತಗಾಗುವ ಕೆಲಸ ಸೆಂಟಿಮೀಟರ್ ಲೆಕ್ಕಕ್ಕೆ ಸಿಗುವುದಿಲ್ಲ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ ಜೋರು ನೋವಿನ ಹಂತವನ್ನು 5 ಸೆಂಟಿಮೀಟರಿನಿಂದ ಲೆಕ್ಕ ಹಾಕುತ್ತದೆ. ಅಲ್ಲಿಂದ ಮುಂದೆ ಚೊಚ್ಚಲಿಗೆ 12 ಗಂಟೆವರೆಗೂ ಸಹಜ ಅನ್ನುತ್ತದೆ. ಪೂರ್ತಿ ತೆರೆದ ಮೇಲೆ ಮುಕ್ಕುವ ಹಂತ ಬರುತ್ತದೆ. ಅದು ಮೂರು ಗಂಟೆವರೆಗೂ ಹೋಗಬಹುದು.

ಈ ಹೊತ್ತಿನಲ್ಲಿ ಜೊತೆಗೆ ಒಬ್ಬರು ಇರುವುದು ಬರೀ ಸಮಾಧಾನಕ್ಕಲ್ಲ. ಬೆನ್ನು ನೀವುವ, ನೀರು ಕುಡಿಸುವ, "ಆಯ್ತು, ಇದೊಂದು ಹೋಯ್ತು" ಎನ್ನುವ ಪರಿಚಿತರು ಪಕ್ಕದಲ್ಲಿದ್ದರೆ ಹೆರಿಗೆ ಸಲೀಸಾಗುತ್ತದೆ, ಸಿಸೇರಿಯನ್ ಕೂಡ ಕಡಿಮೆಯಾಗುತ್ತದೆ. ಇದು ಮತ್ತೆ ಮತ್ತೆ ಕಂಡುಬಂದಿರುವ ಸತ್ಯ. ಸರ್ಕಾರಿ ಆಸ್ಪತ್ರೆಯಲ್ಲೂ ಮನೆಯ ಹೆಣ್ಣುಮಗಳೊಬ್ಬರು ಜೊತೆಗಿರಲು 2016ರಿಂದ ಕೇಂದ್ರ ಆರೋಗ್ಯ ಇಲಾಖೆಯ ಒಪ್ಪಿಗೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಬಿಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ಸಿಸೇರಿಯನ್ ಬಗ್ಗೆ ಒಂದು ಮಾತು. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಹೆರಿಗೆ ಸಿಸೇರಿಯನ್. ಎಲ್ಲವೂ ಬೇಕಿದ್ದವೇ ಅನ್ನುವುದು ಕೇಳಲೇಬೇಕಾದ ಪ್ರಶ್ನೆ. ಅದನ್ನು ಡಾಕ್ಟರಿಗೆ ಕೇಳಿ: ಕಾರಣ ಏನು, ಕಾಯಬಹುದಾ? ಮಗುವಿನ ಎದೆಬಡಿತ ಇಳಿಯುತ್ತಿದ್ದರೆ, ಮಾಸು ದಾರಿಗೆ ಅಡ್ಡ ಕೂತಿದ್ದರೆ, ಮಗು ಅಡ್ಡಡ್ಡ ಮಲಗಿದ್ದರೆ ಕಾಯುವ ಮಾತೇ ಇಲ್ಲ. ಆದರೆ ಆ ಪ್ರಶ್ನೆಯನ್ನು ಬಾಣಂತಿಗೆ ಕೇಳಬೇಡಿ. "ನಾರ್ಮಲ್ ಆಗ್ಲಿಲ್ವಾ?" ಅಂತ ಬಂದವರೆಲ್ಲ ಕೇಳುತ್ತಾರಲ್ಲ, ಅದರಿಂದ ಆಗುವ ನೋವು ದೊಡ್ಡದು. ಹೊಟ್ಟೆ ಕೊಯ್ಸಿಕೊಂಡು ಮಗು ಹೆತ್ತವಳು ಏನೂ ಕಮ್ಮಿ ಹೆತ್ತಿಲ್ಲ.

ಮಗು ಹೊರಗೆ ಬಂದ ಮೇಲೆ ಎಲ್ಲರ ಕಣ್ಣು ಮಗುವಿನ ಮೇಲೆ. ತಾಯಿಗೆ ಅಪಾಯದ ಹೊತ್ತು ಅದೇ. ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳಬೇಕು. ಆಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಂಡರೆ ರಕ್ತನಾಳಗಳ ಬಾಯಿ ಮುಚ್ಚಿ ರಕ್ತ ನಿಲ್ಲುತ್ತದೆ. ಮುದುಡದಿದ್ದರೆ ನಿಮಿಷಗಳಲ್ಲಿ ರಕ್ತ ಹರಿದುಹೋಗುತ್ತದೆ. ಮಗು ಹುಟ್ಟಿದ ಕೂಡಲೇ ತಾಯಿಗೆ ಆಕ್ಸಿಟೋಸಿನ್ ಚುಚ್ಚುವುದು ಇದಕ್ಕೇ. ಮನೆಯಲ್ಲಿ ಹೆರಿಗೆ ಬೇಡ ಎಂದು ಇಷ್ಟು ಒತ್ತಿ ಹೇಳುವುದಕ್ಕೂ ಇದೇ ದೊಡ್ಡ ಕಾರಣ.

ಮೊದಲ ಗಂಟೆ

ಹೊಕ್ಕುಳಬಳ್ಳಿಯನ್ನು ಹುಟ್ಟಿದ ತಕ್ಷಣ ಕತ್ತರಿಸದೆ ಒಂದರಿಂದ ಮೂರು ನಿಮಿಷ ಬಿಟ್ಟರೆ ಮಾಸಿನಲ್ಲಿರುವ ರಕ್ತ ಮಗುವಿಗೆ ಸೇರುತ್ತದೆ. ಆ ರಕ್ತದ ಕಬ್ಬಿಣ ಮಗುವನ್ನು ತಿಂಗಳುಗಟ್ಟಲೆ ಕಾಯುತ್ತದೆ. ಆಮೇಲೆ ಮಗುವನ್ನು ಒರೆಸಿ, ಬಟ್ಟೆ ಹಾಕದೆ, ತಾಯಿಯ ಎದೆಯ ಮೇಲೆ ಮಲಗಿಸಬೇಕು, ಮೇಲೆ ಒಂದು ಹೊದಿಕೆ. ಮಗುವಿನ ಮೈ ಬಿಸಿ ಕಾಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಹಾಗೇ ಬಿಟ್ಟರೆ ಎಷ್ಟೋ ಮಕ್ಕಳು ತಾವೇ ಮೊಲೆ ಹುಡುಕಿಕೊಳ್ಳುತ್ತವೆ.

ಮೊದಲ ಗಂಟೆಯೊಳಗೆ ಎದೆಹಾಲು ಕೊಡಬೇಕು. ಭಾರತದಲ್ಲಿ ಅದು ಸಿಗುವುದು ನೂರರಲ್ಲಿ ಸುಮಾರು 42 ಮಕ್ಕಳಿಗೆ ಮಾತ್ರ. ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದರೂ ಹೀಗೆ. ಸಿಸೇರಿಯನ್ ಆದ ತಾಯಿಗೂ ನರ್ಸ್ ಹಿಡಿದುಕೊಂಡರೆ ಕೊಡಲು ಆಗುತ್ತದೆ. ಆದರೆ ಆಗಲೇ ಯಾರೋ ಜೇನು ನೆಕ್ಕಿಸಿರುತ್ತಾರೆ, ಇನ್ಯಾರೋ ಸಕ್ಕರೆ ನೀರು ಕೊಟ್ಟಿರುತ್ತಾರೆ. ಜೇನು ಒಂದು ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ದೊಡ್ಡವರಿಗೆ ಏನೂ ಮಾಡುವುದಿಲ್ಲ, ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನೇ ಸೋಲಿಸುತ್ತದೆ. ಹಿರಿಯರ ಕೈಯಿಂದ ಶಾಸ್ತ್ರಕ್ಕೆ ನೆಕ್ಕಿಸಲೇಬೇಕು ಎಂದು ಹಟ ಬಿದ್ದರೆ, ಗಂಡನೋ ಅಣ್ಣನೋ ಗಟ್ಟಿಯಾಗಿ ನಿಂತು ಬೇಡ ಅನ್ನಬೇಕು. ಆಗ ತಾನೇ ಹೆತ್ತವಳ ಮೇಲೆ ಆ ಜಗಳ ಹಾಕಬಾರದು.

ಆಸ್ಪತ್ರೆಯಲ್ಲೇ ಮಗುವಿಗೆ ವಿಟಮಿನ್ ಕೆ ಇಂಜೆಕ್ಷನ್, ಬಿ.ಸಿ.ಜಿ., ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಕೊಡುತ್ತಾರೆ. ಮನೆಗೆ ಹೊರಡುವ ಮುಂಚೆ ಎಲ್ಲವೂ ಕಾರ್ಡಿನಲ್ಲಿ ಬರೆದಿದೆಯಾ ನೋಡಿಕೊಳ್ಳಿ.

"ಹಾಲು ಸಾಲುತ್ತಿಲ್ಲ"

ಬಾಣಂತಿ ಕೋಣೆಯಲ್ಲಿ ಅತಿ ಹೆಚ್ಚು ಕಣ್ಣೀರು ತರಿಸುವ ಮಾತು ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲ ಎರಡು ಮೂರು ದಿನ ಬರುವುದು ದಪ್ಪಗಿನ, ಹಳದಿ ಹಾಲು, ಅದೂ ಚಮಚದ ಲೆಕ್ಕದಲ್ಲಿ. ಮಗುವಿಗೆ ಬೇಕಾದ್ದೂ ಅಷ್ಟೇ. ರೋಗ ತಡೆಯುವ ಅಂಶ ಅದರಲ್ಲಿ ತುಂಬಿದೆ. ಅದನ್ನು ಹಿಂಡಿ ಚೆಲ್ಲುವ ರೂಢಿ ಇನ್ನೂ ಕೆಲವು ಕಡೆ ಇದೆ, ನಿಲ್ಲಬೇಕು. ಹೆಚ್ಚು ಹಾಲು ಇಳಿಯುವುದು ಎರಡರಿಂದ ನಾಲ್ಕನೇ ದಿನದಲ್ಲಿ. ಸಿಸೇರಿಯನ್ ಆದರೆ ಒಂದು ದಿನ ತಡವಾಗಬಹುದು. ಈ ನಡುವಿನ ದಿನಗಳಲ್ಲೇ ಮನೆಯವರು ಗಾಬರಿಯಾಗಿ ಪುಡಿ ಹಾಲಿನ ಡಬ್ಬ ತರುತ್ತಾರೆ. ಡಬ್ಬದ ಹಾಲು ಕುಡಿದ ಮಗು ಮೊಲೆ ಚೀಪುವುದು ಕಡಿಮೆಯಾಗುತ್ತದೆ. ಚೀಪಿದಷ್ಟೇ ಹಾಲು ಉತ್ಪತ್ತಿಯಾಗುವುದು. ಚೀಪದಿದ್ದರೆ ಹಾಲು ನಿಜಕ್ಕೂ ಕಡಿಮೆಯಾಗುತ್ತದೆ. ಇಲ್ಲದ ಕೊರತೆಯನ್ನು ನಾವೇ ಹುಟ್ಟಿಸಿದಂತೆ ಆಗುತ್ತದೆ.

ಹಾಲು ಸಾಲುತ್ತಿದೆಯಾ ಎಂದು ತಿಳಿಯಲು ಮಗುವಿನ ಅಳು ಒಳ್ಳೆಯ ಅಳತೆ ಅಲ್ಲ. ಮಕ್ಕಳು ನೂರು ಕಾರಣಕ್ಕೆ ಅಳುತ್ತವೆ. ಉಚ್ಚೆ ಎಣಿಸಿ. ಮೊದಲ ದಿನ ಒಂದು, ಎರಡನೇ ದಿನ ಎರಡು, ಹೀಗೆ ಏರುತ್ತ ಐದಾರನೇ ದಿನದಿಂದ 24 ಗಂಟೆಗೆ ಆರಕ್ಕಿಂತ ಹೆಚ್ಚು ಸಲ ಮಗು ಉಚ್ಚೆ ಮಾಡಿದರೆ ಹಾಲು ಸಾಲುತ್ತಿದೆ. ಮಲ ಮೊದಲು ಟಾರಿನಂತೆ ಕಪ್ಪಗಿದ್ದು, ಆಮೇಲೆ ಹಸಿರಾಗಿ, ನಾಲ್ಕೈದನೇ ದಿನಕ್ಕೆ ಹಳದಿಯಾಗಬೇಕು. ತೂಕ ಮೊದಲ ದಿನಗಳಲ್ಲಿ ಇಳಿಯುತ್ತದೆ. ಮೂರು ಕೆಜಿ ಮಗು 200 ಗ್ರಾಂ ಇಳಿದರೆ ಗಾಬರಿ ಬೇಡ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಎರಡು ವಾರವಾದರೂ ಹುಟ್ಟಿದಾಗಿನ ತೂಕಕ್ಕೆ ಮರಳದಿದ್ದರೆ ಡಾಕ್ಟರಿಗೆ ತೋರಿಸಬೇಕು.

ದಿನಕ್ಕೆ 8ರಿಂದ 12 ಸಲ ಕುಡಿಸಬೇಕಾಗುತ್ತದೆ. ಸಂಜೆ ಹೊತ್ತು ಗಂಟೆಗೆ ಎರಡೆರಡು ಸಲ ಕೇಳುವುದೂ ಉಂಟು. ಅದು ಹಾಲು ಕಡಿಮೆ ಎಂಬುದರ ಗುರುತಲ್ಲ, ಹಾಲು ಹೆಚ್ಚಿಸಿಕೊಳ್ಳಲು ಮಗು ಮಾಡುವ ಉಪಾಯ. ನೋವಿಲ್ಲದೆ ಕುಡಿಸುವುದು ಮಗು ಮೊಲೆ ಹಿಡಿಯುವ ಹಿಡಿತದಲ್ಲಿದೆ. ಮಗು ಬಾಯಿ ಅಗಲ ತೆರೆದಾಗ ಎದೆಗೆ ತರಬೇಕು. ಮೊಲೆತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗಲ್ಲ ಎದೆಗೆ ತಾಗಿರಬೇಕು. ತೊಟ್ಟು ಬಿರಿದು ರಕ್ತ ಬರುತ್ತಿದ್ದರೆ, "ಮೊದಲ ಮಗುವಿಗೆ ಹಾಗೇ" ಎಂದು ಹಲ್ಲು ಕಚ್ಚಿಕೊಂಡಿರಬೇಡಿ. ಹಿಡಿತ ತಪ್ಪಿದೆ ಎಂದರ್ಥ. ಗೊತ್ತಿರುವ ನರ್ಸ್ ಒಮ್ಮೆ ಪಕ್ಕದಲ್ಲಿ ಕೂತು ತೋರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮಗುವಿಗೆ ಚೀಪಲು ಆಗದಿದ್ದರೆ ಹಾಲು ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ನಿಧಾನ ಕುಡಿಸಿ. ಒಳಲೆಯನ್ನು ಪ್ರತಿ ಸಲವೂ ನೀರಿನಲ್ಲಿ ಕುದಿಸಬೇಕು.

ಕೆಲವು ತಾಯಂದಿರಿಗೆ ನಿಜವಾಗಿಯೂ ಹಾಲು ಸಾಲುವುದಿಲ್ಲ. ಕೆಲವು ಮಕ್ಕಳಿಗೆ ಡಾಕ್ಟರೇ ಮೇಲು ಹಾಲು ಹೇಳುತ್ತಾರೆ. ಆಗ ಕೊಡಿ, ಅಪರಾಧಿ ಭಾವ ಬೇಡ. ಮಗುವಿನ ಹೊಟ್ಟೆ ತುಂಬುವುದೇ ಮೊದಲ ಮಾತು.

ನೋಡಲು ಭಯ, ಆದರೆ ಸಹಜ

ಹೊಸ ಕೂಸು ಚಿತ್ರದಲ್ಲಿರುವ ಮಗುವಿನಂತೆ ಇರುವುದಿಲ್ಲ. ತಲೆ ಉದ್ದಕ್ಕೆ ಎಳೆದಂತಿರುತ್ತದೆ. ದಾರಿಯಲ್ಲಿ ಬರಲು ತಲೆಬುರುಡೆಯ ಎಲುಬುಗಳು ಒಂದರ ಮೇಲೊಂದು ಜರುಗಿರುತ್ತವೆ, ದಿನಗಳಲ್ಲಿ ಸರಿಹೋಗುತ್ತದೆ. ಒತ್ತಿ ತಿದ್ದುವ ಅಗತ್ಯ ಇಲ್ಲ. ಚರ್ಮ ಸುಲಿಯುತ್ತದೆ. ಬೆನ್ನ ಕೆಳಗೆ ನೀಲಿ ಮಚ್ಚೆ ಇರುತ್ತದೆ, ವರ್ಷಗಳಲ್ಲಿ ಮಾಸುತ್ತದೆ. ಸೀನು, ಬಿಕ್ಕಳಿಕೆ, ಸಣ್ಣ ಸದ್ದಿಗೂ ಕೈ ಚಾಚಿ ಬೆಚ್ಚಿ ಬೀಳುವುದು, ಕುಡಿದ ಮೇಲೆ ಸ್ವಲ್ಪ ಹಾಲು ಕಕ್ಕುವುದು, ಎಲ್ಲ ಸಹಜ. ಉಸಿರು ಕೆಲವು ಸೆಕೆಂಡು ನಿಂತಂತಾಗಿ ಮತ್ತೆ ಬೇಗ ಬೇಗ ನಡೆಯುವುದೂ ಸಹಜ. ಆದರೆ ಮೈ ನೀಲಿಯಾದರೆ ಅಲ್ಲ.

ಎರಡು ಸಂಗತಿ ಎಷ್ಟೋ ಮನೆಯವರನ್ನು ನಡುಗಿಸುತ್ತವೆ. ಗಂಡು ಹೆಣ್ಣು ಎನ್ನದೆ ಮಗುವಿನ ಎದೆ ಊದಬಹುದು, ಒಂದೆರಡು ಹನಿ ಹಾಲೂ ಬರಬಹುದು. ಹೆಣ್ಣು ಮಗುವಿಗೆ ಮೊದಲ ವಾರ ಕೆಳಗೆ ಒಂದೆರಡು ತೊಟ್ಟು ರಕ್ತ ಕಾಣಬಹುದು. ಎರಡಕ್ಕೂ ಕಾರಣ ತಾಯಿಯ ಹಾರ್ಮೋನು. ತಾನಾಗೇ ನಿಲ್ಲುತ್ತದೆ. ಆ ಎದೆಯನ್ನು ಹಿಂಡಿ ಹಾಲು ತೆಗೆಯುವ ಪದ್ಧತಿಯಿಂದ ಕೀವು ತುಂಬಿ ಆಪರೇಷನ್‌ವರೆಗೂ ಹೋಗಬಹುದು. ದಯವಿಟ್ಟು ಯಾರಿಗೂ ಹಿಂಡಲು ಬಿಡಬೇಡಿ.

ಕಾಮಾಲೆ: ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ

ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೂ ನೂರಕ್ಕೆ ಸುಮಾರು 60 ಮಕ್ಕಳು ಮೊದಲ ವಾರ ಸ್ವಲ್ಪ ಹಳದಿಯಾಗುತ್ತವೆ. ಹೊಟ್ಟೆಯಲ್ಲಿದ್ದಾಗ ಮಗುವಿನ ಮೈಯಲ್ಲಿ ಕೆಂಪು ರಕ್ತಕಣ ಹೆಚ್ಚು. ಹುಟ್ಟಿದ ಮೇಲೆ ಅವು ಒಡೆದು ಬಿಲಿರುಬಿನ್ ಎಂಬ ಹಳದಿ ಪದಾರ್ಥ ಬರುತ್ತದೆ. ಅದನ್ನು ಹೊರಗೆ ಹಾಕಬೇಕಾದ ಲಿವರು ಇನ್ನೂ ಪಳಗಿರುವುದಿಲ್ಲ. ಹಾಗಾಗಿ ಎರಡು ಮೂರನೇ ದಿನ ಹಳದಿ ಕಾಣಿಸಿ, ಮೂರರಿಂದ ಐದನೇ ದಿನದ ಹೊತ್ತಿಗೆ ಏರಿ, ಆಮೇಲೆ ಇಳಿಯುತ್ತದೆ. ಚೆನ್ನಾಗಿ ಹಾಲು ಕುಡಿದು ಮಲ ಹೋದರೆ ಬೇಗ ಇಳಿಯುತ್ತದೆ. ಇಷ್ಟು ಸಹಜ.

ಆದರೆ ಬಿಲಿರುಬಿನ್ ವಿಪರೀತ ಏರಿದರೆ ಮಿದುಳಿಗೆ ಹೋಗುತ್ತದೆ. ಕಿವುಡು, ಕೈಕಾಲು ಬಿಗಿತ, ಜೀವಮಾನದ ತೊಂದರೆ, ಕೆಲವೊಮ್ಮೆ ಸಾವು. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಮಗು ತಿಂಗಳು ತುಂಬುವ ಮುಂಚೆ ಹುಟ್ಟಿದ್ದರೆ, ಹಾಲು ಕುಡಿಯುವುದು ಕಡಿಮೆ ಇದ್ದರೆ ಅಪಾಯ ಜಾಸ್ತಿ. ಹುಟ್ಟಿದ ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ ಅದು ಸಹಜ ಕಾಮಾಲೆ ಅಲ್ಲವೇ ಅಲ್ಲ. ಅಂಗಾಲು, ಅಂಗೈವರೆಗೆ ಹಳದಿ ಇಳಿದರೂ ಅಷ್ಟೇ. ಮಗು ಮಂಕಾಗಿ ಹಾಲು ಬಿಟ್ಟರೆ ಅದೇ ಗಂಟೆ ಆಸ್ಪತ್ರೆಗೆ.

ಚಿಕಿತ್ಸೆ ನೀಲಿ ಬೆಳಕು. ಇದು ಸಿಕ್ಕ ಬಗೆ ಕೇಳಬೇಕಾದ್ದು. 1956ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಬಿಸಿಲಿಗೆ ಅಂಗಳಕ್ಕೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯೆಲ್ಲ ತಿಳಿಯಾಗಿ, ಹೊದಿಕೆಯ ತುದಿ ಮುಚ್ಚಿದ್ದ ಕಡೆ ಮಾತ್ರ ಕಡು ಹಳದಿ ಉಳಿದಿದ್ದನ್ನು ಅವರು ಡಾಕ್ಟರುಗಳಿಗೆ ತೋರಿಸಿದರು. ಅಲ್ಲೇ ಬಿಸಿಲಿಗೆ ಬಿದ್ದಿದ್ದ ರಕ್ತದ ಟ್ಯೂಬಿನಲ್ಲೂ ಬಿಲಿರುಬಿನ್ ಇಳಿದಿತ್ತು. 1958ರಲ್ಲಿ ಡಾಕ್ಟರ್ ಕ್ರೆಮರ್ ಮತ್ತು ಜೊತೆಗಾರರು ದೀಪದ ಚಿಕಿತ್ಸೆಯ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನರ್ಸೊಬ್ಬರ ಕಣ್ಣಿಗೆ ಬಿದ್ದ ಸಂಗತಿ ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿದೆ.

ಹಾಗಾದರೆ ಮನೆಯಲ್ಲೇ ಬಿಸಿಲಿಗೆ ಹಿಡಿದರೆ ಸಾಲದೇ? ಸಾಲದು. ಬಿಲಿರುಬಿನ್ ಒಡೆಯುವುದು ನೀಲಿ ಬೆಳಕು, ಅದು ಮೈತುಂಬ, ಗಂಟೆಗಟ್ಟಲೆ ಬೀಳಬೇಕು. ಬೆಳಗಿನ ಹತ್ತು ನಿಮಿಷದ ಬಿಸಿಲು, ಅದೂ ಬಟ್ಟೆ ಸುತ್ತಿದ ಮಗುವಿಗೆ, ಆ ಕೆಲಸ ಮಾಡುವುದಿಲ್ಲ. ಬೇಕಾದಷ್ಟು ಹೊತ್ತು ಬಿಸಿಲಿಗೆ ಇಟ್ಟರೆ ಮಗುವಿನ ಮೈ ಸುಡುತ್ತದೆ, ನೀರು ಆರುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ, "ಬಿಸಿಲಿಗೆ ಹಿಡಿಯುತ್ತಿದ್ದೇವಲ್ಲ" ಎಂದು ಕಳೆದುಹೋಗುವ ಎರಡು ದಿನ.

ಇನ್ನೊಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಎರಡು ವಾರ ದಾಟಿದರೂ ಹಳದಿ ಉಳಿದಿದ್ದು, ಮಲ ಸುಣ್ಣದಂತೆ ಬಿಳಿಚಿಕೊಂಡು, ಉಚ್ಚೆ ಬಟ್ಟೆಗೆ ಹಳದಿ ಕಲೆ ಹಿಡಿಯುತ್ತಿದ್ದರೆ ಪಿತ್ತನಾಳ ಮುಚ್ಚಿಹೋಗಿರಬಹುದು. ಅದಕ್ಕೆ ಆಪರೇಷನ್ ಇದೆ, ಆದರೆ 60 ದಿನದೊಳಗೆ ಮಾಡಿದರೆ ಫಲ ಹೆಚ್ಚು. ಮಗುವಿನ ಮಲದ ಬಣ್ಣ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಕಾಮಾಲೆ ಬಿಟ್ಟರೆ ಓಡಬೇಕಾದ ಇತರ ಹೊತ್ತುಗಳು ಇವು. ಕುಡಿಯುತ್ತಿದ್ದ ಮಗು ಹಾಲು ಬಿಟ್ಟಿತು. ಮುಟ್ಟಿದರೆ ಮಾತ್ರ ಅಲುಗಾಡುತ್ತದೆ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತದೆ, ಇಲ್ಲವೇ ಉಸಿರಿಗೆ ಎದೆಯ ಕೆಳಭಾಗ ಒಳಗೆ ಎಳೆಯುತ್ತದೆ. ಕಂಕುಳಲ್ಲಿ ಜ್ವರ 99.5 ಫ್ಯಾರನ್‌ಹೀಟ್ ದಾಟಿತು, ಅಥವಾ ಮೈ ತಣ್ಣಗಾಗಿ ಬೆಚ್ಚಗೇ ಆಗುತ್ತಿಲ್ಲ. ಫಿಟ್ಸ್ ಬಂತು. ಹಸಿರು ವಾಂತಿ ಆಯಿತು. ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂತು. ಎರಡು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಮನೆಯಲ್ಲಿರುವ ಸಿರಪ್ ಹಾಕಿ ಬೆಳಗಾಗಲಿ ಎಂದು ಕಾಯುವುದಲ್ಲ. ಇಷ್ಟು ಸಣ್ಣ ಮಗುವಿಗೆ ಸೋಂಕು ಗಂಟೆಗಳಲ್ಲಿ ರಕ್ತಕ್ಕೆ ಏರುತ್ತದೆ.

ಬಾಣಂತನ: ಏನು ಉಳಿಸಿಕೊಳ್ಳಬೇಕು

ನಮ್ಮ ಬಾಣಂತನದ ಮೇಲೆ ನನಗೆ ತುಂಬ ಗೌರವ ಇದೆ. ಹೆತ್ತವಳು ತವರಿಗೆ ಹೋಗುತ್ತಾಳೆ, ತಿಂಗಳುಗಟ್ಟಲೆ ಅಡುಗೆ ಕಸ ಮುಸುರೆ ಯಾವುದೂ ಅವಳ ಪಾಲಿಗಿಲ್ಲ. ಕೂತಲ್ಲಿಗೆ ಬಿಸಿ ಊಟ ಬರುತ್ತದೆ. ಬೆಂಗಳೂರಿನ ಫ್ಲಾಟಿನಲ್ಲೋ ಹೊರದೇಶದಲ್ಲೋ ಗಂಡ ಹೆಂಡತಿ ಇಬ್ಬರೇ ಮಗು ನೋಡಿಕೊಳ್ಳುವಾಗ ಇದರ ಬೆಲೆ ಗೊತ್ತಾಗುತ್ತದೆ. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಉತ್ತರ ಕರ್ನಾಟಕದ ಅಂಟಿನ ಉಂಡೆ, ತುಪ್ಪ, ಇವೆಲ್ಲ ಇರಲಿ. ಎಣ್ಣೆ ಹಚ್ಚಿ ಮೆಲ್ಲಗೆ ಮೈ ತೀಡುವುದು ತಾಯಿಗೂ ಮಗುವಿಗೂ ಹಿತ. ಸಿಸೇರಿಯನ್ ಹೊಲಿಗೆ ಒಣಗುವವರೆಗೆ ಹೊಟ್ಟೆಯ ಮೇಲೆ ಬಿಸಿನೀರು ಹೊಯ್ಯುವುದು ಮಾತ್ರ ಬೇಡ.

ಆದರೆ ಅದೇ ಬಾಣಂತನದಲ್ಲಿ ಕೆಲವು ರೂಢಿಗಳು ಕೆಡುಕು ಮಾಡುತ್ತವೆ. ಮೊದಲನೆಯದು ನೀರು ಕೊಡದಿರುವುದು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಶೀತ ಆಗುತ್ತದೆ ಎಂದು ಬಾಯಾರಿದವಳಿಗೆ ಗುಟುಕು ಲೆಕ್ಕದಲ್ಲಿ ಕೊಡುತ್ತಾರೆ. ಹಾಲೂಡಿಸುವವಳಿಗೆ ನೀರು ಎಲ್ಲರಿಗಿಂತ ಹೆಚ್ಚು ಬೇಕು. ನೀರಿಲ್ಲದಿದ್ದರೆ ಮಲ ಕಟ್ಟುತ್ತದೆ, ಹೊಲಿಗೆ ಇರುವವಳಿಗೆ ಅದು ನರಕ. ಉರಿಮೂತ್ರ ಬರುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಎರಡನೆಯದು ತರಕಾರಿ, ಹಣ್ಣು, ಬೇಳೆ, ಮೊಟ್ಟೆ ಬಿಡಿಸಿ ಬರೀ ಅನ್ನ ಸಾರು ಹಾಕುವುದು. ರಕ್ತ ಕಳೆದುಕೊಂಡು ಬಂದವಳು ಅವಳು. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ ತಿನ್ನಬೇಕು.

ಮೂರನೆಯದು ಹೊಗೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಕೂಸಿನ ಶ್ವಾಸಕೋಶಕ್ಕೆ ಅದು ವಿಷ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯೇ ಇಲ್ಲ, ಮಲಗಿದವರು ಏಳದಂತೆ ಮಾಡುತ್ತದೆ. ಮಗು ಬೆಚ್ಚಗಿರಲು ಟೋಪಿ, ಕಾಲುಚೀಲ, ಒಂದೆರಡು ಪದರ ಬಟ್ಟೆ ಮತ್ತು ತಾಯಿಯ ಮೈ ಸಾಕು. ಬೇಸಿಗೆಯ ರಾಯಚೂರಿನಲ್ಲಿ ಉಣ್ಣೆಯ ಸ್ವೆಟರ್ ಹಾಕುವ ಅಗತ್ಯ ಇಲ್ಲ.

ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ಕಣ್ಣಿಗೆ ಕಾಡಿಗೆ, ಹೊಕ್ಕುಳಿಗೆ ಬೂದಿಯೋ ಅರಿಶಿಣವೋ ಹಚ್ಚುವುದು ಯಾವುದೂ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ಹೊಕ್ಕುಳನ್ನು ಒಣಗಿಸಿ ಹಾಗೇ ಬಿಟ್ಟರೆ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಬಿಟ್ಟು ಹನಿ ನೀರೂ ಬೇಕಿಲ್ಲ. ಡಾಕ್ಟರು ಬರೆದ ವಿಟಮಿನ್ ಡಿ ಹನಿ ಮಾತ್ರ ಕೊಡಿ. ಮಲಗಿಸುವಾಗ ಯಾವಾಗಲೂ ಅಂಗಾತ, ದಿಂಬು ಬೇಡ. ಹಿರಿಯರಿಗೆ ಇವನ್ನೆಲ್ಲ ಹೇಳುವುದು ಕಷ್ಟ, ಗೊತ್ತು. ಆದರೆ ಅವರಿಗೂ ಮಗು ಚೆನ್ನಾಗಿರಲಿ ಎಂದೇ ಆಸೆ. ತಪಾಸಣೆಗೆ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ಒಪ್ಪದ್ದನ್ನು ಡಾಕ್ಟರ ಬಾಯಲ್ಲಿ ಕೇಳಿದರೆ ಒಪ್ಪುತ್ತಾರೆ.

ತಾಯಿಯ ಮೇಲೂ ಕಣ್ಣಿರಲಿ

ಹೆರಿಗೆಯ ನಂತರ ನಾಲ್ಕರಿಂದ ಆರು ವಾರ ರಕ್ತ ಹೋಗುತ್ತದೆ. ಕೆಂಪಿನಿಂದ ಕಂದು, ಆಮೇಲೆ ಬಿಳಿ, ಹೀಗೆ ಇಳಿಯುತ್ತ ಹೋಗಬೇಕು. ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆ ಬಿದ್ದರೆ ಕಾಯಬಾರದು. ಚಳಿ ಜ್ವರ, ಕೆಟ್ಟ ವಾಸನೆ, ಹೊಲಿಗೆಯಲ್ಲಿ ಕೀವು ಎಂದರೆ ಸೋಂಕು. ಒಂದೇ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಎಂದರೆ ರಕ್ತ ಹೆಪ್ಪುಗಟ್ಟಿರಬಹುದು. ಮತ್ತೆ ಆ ತಲೆನೋವು. ಗರ್ಭಿಣಿಯಾಗಿದ್ದಾಗ ಬಿ.ಪಿ. ಸರಿಯಾಗಿದ್ದವರಿಗೂ ಹೆರಿಗೆಯ ನಂತರ ಆರು ವಾರದೊಳಗೆ ಏರಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮುಖ ಊದುವುದು ಕಂಡರೆ ಅವತ್ತೇ ಬಿ.ಪಿ. ನೋಡಿಸಿ. ಸುಮ್ನೆ ಬಿಟ್ಟರೆ ಫಿಟ್ಸ್ ಬರಬಹುದು.

ಮನಸ್ಸಿನ ಮಾತು. ಮೂರು ನಾಲ್ಕನೇ ದಿನದಿಂದ ಕಾರಣವಿಲ್ಲದೆ ಅಳು ಬರುವುದು ತುಂಬ ತಾಯಂದಿರಿಗೆ ಉಂಟು. ಎರಡು ವಾರದೊಳಗೆ ಅದು ತಾನಾಗೇ ಹೋಗುತ್ತದೆ. ಹೋಗದಿದ್ದರೆ, ಮಗುವನ್ನು ನೋಡಿದರೂ ಏನೂ ಅನ್ನಿಸದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಬದುಕು ಬೇಡ ಅನ್ನಿಸಿದರೆ ಅದು ಕಾಯಿಲೆ, ಸೊಕ್ಕಲ್ಲ, ಸೋಮಾರಿತನವೂ ಅಲ್ಲ. ಭಾರತದಲ್ಲಿ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ 2017ರಲ್ಲಿ ಮಾಡಿದ ಲೆಕ್ಕದಂತೆ ನೂರಕ್ಕೆ ಸುಮಾರು 22 ತಾಯಂದಿರಿಗೆ ಹೆರಿಗೆಯ ನಂತರ ಖಿನ್ನತೆ ಇರುತ್ತದೆ. ಐದರಲ್ಲಿ ಒಬ್ಬರು! ಬೇರೆಯವರಿಗೆ ಕೇಳದ ಮಾತು ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ಸಂಶಯ ಹುಟ್ಟುವುದು ಇನ್ನೂ ತುರ್ತಿನದು. ದೆವ್ವ, ದೃಷ್ಟಿ ಎಂದು ಮಂತ್ರಿಸುವವರ ಹತ್ತಿರ ಹೋಗಿ ದಿನ ಕಳೆಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೆ ಇಟ್ಟುಕೊಂಡು ನೋಡುವ ವಿಭಾಗವೇ ಇದೆ.

ಉಳಿದ ಕೆಲಸಗಳು

ನೋಡಲು ಬರುವವರನ್ನು ಮೊದಲ ವಾರಗಳಲ್ಲಿ ಆದಷ್ಟು ಕಡಿಮೆ ಮಾಡಿ. ಬಂದವರು ಕೈ ತೊಳೆದು ಮಗು ಮುಟ್ಟಲಿ. ನೆಗಡಿ ಇರುವವರು ತೊಟ್ಟಿಲು ಶಾಸ್ತ್ರಕ್ಕೂ ಬರುವುದು ಬೇಡ, ಮುತ್ತಿಡುವುದಂತೂ ಬೇಡವೇ ಬೇಡ. ಕೂಸಿಗೆ ಹಗಲು ರಾತ್ರಿಯ ಅರಿವು ಬರಲು ಎರಡು ಮೂರು ತಿಂಗಳು ಬೇಕು. ಅಳು ಆರನೇ ವಾರದ ಹೊತ್ತಿಗೆ ಜೋರಾಗಿ, ಆಮೇಲೆ ಇಳಿಯುತ್ತದೆ. ಅಲ್ಲಿಯವರೆಗೆ ರಾತ್ರಿ ಪಾಳಿ ಹಂಚಿಕೊಳ್ಳಬೇಕು. ಹಾಲು ಕುಡಿಸುವುದೊಂದನ್ನು ಬಿಟ್ಟು ತೇಗು ತೆಗೆಸುವುದು, ಬಟ್ಟೆ ಬದಲಿಸುವುದು, ಎತ್ತಿಕೊಂಡು ಓಡಾಡುವುದು, ಎಲ್ಲ ಅಪ್ಪನಿಗೂ ಬರುವ ಕೆಲಸವೇ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಔಷಧಿ, ಊಟ ಎಲ್ಲವೂ ಉಚಿತ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಯೋಜನೆಯ ಹಕ್ಕು ಅದು. ಮನೆಗೆ ಬಿಡಲು ನಗು-ಮಗು ಗಾಡಿ ಕೇಳಿ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವಿನ ತೂಕ, ಜ್ವರ ನೋಡುತ್ತಾರೆ. ಸುಮ್ಮನೆ ಸಹಿ ಹಾಕಿಸಿಕೊಂಡು ಹೋಗಲು ಬಿಡದೆ ಅನುಮಾನಗಳನ್ನೆಲ್ಲ ಅವರ ಮುಂದೆ ಕೇಳಿಕೊಳ್ಳಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಹೆಸರು ಇನ್ನೂ ಇಟ್ಟಿಲ್ಲದಿದ್ದರೂ ನೋಂದಣಿ ಮಾಡಿಸಬಹುದು. ತಾಯಿ ಕಾರ್ಡ್ ಜೋಪಾನವಾಗಿರಲಿ. ಕೆಲಸದಲ್ಲಿರುವವರಿಗೆ ಮೊದಲೆರಡು ಮಕ್ಕಳಿಗೆ ತಲಾ 26 ವಾರ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ.

ಆರನೇ ವಾರ ಮಗುವಿಗೆ ಮುಂದಿನ ಚುಚ್ಚುಮದ್ದು. ಎಷ್ಟೋ ಮನೆಗಳಲ್ಲಿ ಅಂದು ಮಗುವಿಗೆ ಚುಚ್ಚಿಸಿಕೊಂಡು ಬಂದುಬಿಡುತ್ತಾರೆ. ತಾಯಿಗೂ ಅದೇ ಹೊತ್ತಿಗೆ ತಪಾಸಣೆ ಆಗಬೇಕು: ಬಿ.ಪಿ., ಹಿಮೋಗ್ಲೋಬಿನ್, ಹೊಲಿಗೆ, ನಿದ್ದೆ, ಮನಸ್ಸು. ಮುಟ್ಟು ಶುರುವಾಗುವ ಮುಂಚೆಯೂ ಮತ್ತೆ ಬಸಿರಾಗಬಹುದು. ಹಾಗಾಗಿ ಮುಂದಿನ ಮಗುವಿನ ಅಂತರದ ಬಗ್ಗೆಯೂ ಅವತ್ತೇ ಡಾಕ್ಟರ ಹತ್ತಿರ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ ಬನ್ನಿ.